ತಂತಿಯ ಕೈಲಾಗದ ಕೆಲಸ

ನನ್ನ ಮೈದುನನಿಗೆ ತಂತಿ ಎಂದು ಹೆಸರಿಟ್ಟವರು ಅವನ ಕಾಲೇಜಿನ ವಿದ್ಯಾರ್ಥಿಗಳು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅವನು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ. ಯಾವಾಗ ಜೇಬಿಗೆ ಕೈಹಾಕಿದರೂ ಪೆನ್ನಿಗಿಂತ ಮೊದಲು ಒಂದು ತುಂಡು ತಂತಿ ಹೊರಗೆ ಬರುತ್ತಿತ್ತು. ನಿವೃತ್ತನಾಗಿ ಆರು ವರ್ಷವಾಯಿತು, ಜೇಬಿನ ತಂತಿ ಇನ್ನೂ ನಿವೃತ್ತವಾಗಿಲ್ಲ. ಅವನ ಅಂಗಿಯ ಜೇಬು ತಡಕದೆ ಒಗೆಯಲು ಹೋಗಿ ಎರಡು ಸಲ ನಾನು ಬೆರಳು ಚುಚ್ಚಿಸಿಕೊಂಡಿದ್ದೇನೆ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾನೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನಾದರೂ ಅತ್ತಿಗೆ ಎಂಬ ಗೌರವಕ್ಕೆ ನನ್ನನ್ನು ‘ನೀವು’ ಎನ್ನುತ್ತಾನೆ. ನನ್ನ ಮಾತು ಕೇಳುತ್ತಾನೆ ಎಂದು ಮಾತ್ರ ಯಾರೂ ತಿಳಿಯಬಾರದು.

ಅವನ ಬಾಯಲ್ಲಿ ಎಂದೂ ಬರದ ಮಾತು ಒಂದಿತ್ತು. ‘ನನ್ನ ಕೈಲಿ ಆಗಲ್ಲ’ ಎನ್ನುವುದು. ಮನೆಯಲ್ಲಿ ಏನೇ ಕೆಟ್ಟರೂ, ನಾವು ಬೇಡ ಬೇಡ ಎನ್ನುತ್ತಿರುವಾಗಲೇ ಅದರ ಸ್ಕ್ರೂಗಳೆಲ್ಲ ತಟ್ಟೆಗೆ ಬಿದ್ದಿರುತ್ತಿದ್ದವು. ಸರಿಹೋಯಿತೋ, ವಾರವಿಡೀ ಬಡಾಯಿ. ಸರಿಹೋಗಲಿಲ್ಲವೋ, ‘ಪಾರ್ಟು ಬರಬೇಕು ಅತ್ತಿಗೆ’ ಎಂದು ಅದನ್ನು ಅಟ್ಟಕ್ಕೆ ಏರಿಸುತ್ತಿದ್ದ. ನಾನು ಬಟ್ಟೆ ಹೊಲಿದು ಬದುಕುವವಳು. ನನ್ನ ಒಳ್ಳೆಯ ಇಸ್ತ್ರಿಪೆಟ್ಟಿಗೆ ಹನ್ನೊಂದು ವರ್ಷದಿಂದ ಅಟ್ಟದ ಮೇಲೆ ಪಾರ್ಟಿಗಾಗಿ ಕಾಯುತ್ತಿದೆ. ಅದರ ಪಕ್ಕದಲ್ಲಿ ಒಂದು ರೇಡಿಯೋ, ಒಂದು ಗೋಡೆ ಗಡಿಯಾರ, ನೆರೆಮನೆಯವರು ಕೇಳಿ ಕೇಳಿ ಸಾಕಾಗಿ ಬಿಟ್ಟುಹೋದ ಒಂದು ಟೇಬಲ್ ಫ್ಯಾನು.

‘ಆ ಪಾರ್ಟು ಎಲ್ಲಿಂದ ನಡ್ಕೊಂಡು ಬರ್ತಿದೆಯಪ್ಪಾ?’ ಎಂದು ನಾನು ಕೇಳುತ್ತಿದ್ದೆ.

‘ಬರುತ್ತೆ ಅತ್ತಿಗೆ. ಅವಸರ ಮಾಡಿದ್ರೆ ಆಗುತ್ತಾ?’ ಎನ್ನುತ್ತಿದ್ದ. ಮುಖದಲ್ಲಿ ನಾಚಿಕೆಯ ಗೆರೆಯೂ ಇರುತ್ತಿರಲಿಲ್ಲ.

ಇಂಥವನಿಗೆ ಒಬ್ಬ ಗೆಳೆಯ. ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರದಲ್ಲಿ ಒಬ್ಬರೇ ಇದ್ದಾರೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವರು. ಅಚ್ಚಾಗುವ ಮೊದಲು ಪುಟಗಳನ್ನು ಓದಿ ತಪ್ಪು ಹೆಕ್ಕುವ ಕೆಲಸ. ಈಗ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಅದನ್ನೇ ಮಾಡುತ್ತಿದ್ದರು. ಎಲ್ಲರೂ ಅವರನ್ನು ಕಾಗುಣಿತ ಎಂದೇ ಕರೆಯುವುದು. ನನ್ನ ಮಗಳ ಮದುವೆಯ ಆಮಂತ್ರಣ ಪತ್ರಿಕೆ ಕಳಿಸಿದ್ದೆ. ಏಳು ಕಡೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದರು. ಮದುವೆಗೂ ಬಂದರು, ಊಟ ಚೆನ್ನಾಗಿದೆ ಎಂದರು, ಕಲ್ಯಾಣಮಂಟಪದ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದೂ ಹೇಳಿ ಹೋದರು. ‘ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದೋನು ಕಣ್ರೀ ಅವನು’ ಎಂದು ತಂತಿ ಹೆಮ್ಮೆಪಡುತ್ತಿದ್ದ. ತಾನು ಮಾತ್ರ ಮೂರು ಸಾಲಿನ ಚೀಟಿ ಬರೆದರೆ ಐದು ತಪ್ಪು ಮಾಡುತ್ತಿದ್ದ.

ಕಾಗುಣಿತರ ಕಂಪ್ಯೂಟರಿಗೆ ಏನಾದರೂ ತಂತಿಯೇ ಡಾಕ್ಟರು. ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದ. ಅಷ್ಟರಲ್ಲಿ ಒಂದು ದಿನ ಬಲ್ಬು ಬದಲಾಯಿಸಲು ಹೋಗಿ ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡ. ಅದನ್ನೂ ಒಪ್ಪಲಿಲ್ಲ. ‘ಬಿದ್ದಿದ್ದು ಸ್ಟೂಲು ಅತ್ತಿಗೆ. ನಾನು ಅದರ ಮೇಲಿದ್ದೆ ಅಷ್ಟೆ’ ಎಂದ. ಎರಡು ತಿಂಗಳು ಪ್ಲಾಸ್ಟರು. ನಡುಮನೆಯಲ್ಲಿ ನನ್ನ ಹೊಲಿಗೆ ಯಂತ್ರದ ಎದುರಿಗೇ ಅವನ ಮೇಜು, ಅದರ ಮೇಲೆ ಅವನ ಕಂಪ್ಯೂಟರು, ದಿಂಬಿನ ಮೇಲೆ ಅವನ ಕಾಲು. ನನಗೆ ದಿನವಿಡೀ ಅವನ ಮುಖ ನೋಡುವ ಶಿಕ್ಷೆ.

ಪ್ಲಾಸ್ಟರು ಹಾಕಿದ ಎರಡನೇ ವಾರ ಕಾಗುಣಿತರ ಫೋನು ಬಂತು. ತಂತಿಯ ಫೋನಿನಲ್ಲಿ ಮಾತಾಡುವವರ ದನಿ ಇಡೀ ಮನೆಗೆ ಕೇಳುತ್ತದೆ. ಮುದ್ರಣಾಲಯದವರು ಜೇನುಸಾಕಣೆಯ ಬಗ್ಗೆ ಮುನ್ನೂರ ಹನ್ನೆರಡು ಪುಟದ ಪುಸ್ತಕ ಕೊಟ್ಟಿದ್ದಾರೆ. ತಿಂಗಳ ಕೊನೆಗೆ ತಿದ್ದಿ ಕೊಡಬೇಕು. ಕೆಲಸ ಸಾಗುತ್ತಿಲ್ಲ. ಹೊಸ ಮ್ಯಾನೇಜರು ಈ ಸಲ ತಡವಾದರೆ ಇನ್ನು ಮುಂದೆ ಬೇರೆಯವರಿಗೆ ಕೊಡುತ್ತೇನೆ ಎಂದು ಹೇಳಿಬಿಟ್ಟಿದ್ದಾನೆ.

‘ಯಾಕೋ ಸಾಗ್ತಿಲ್ಲ?’ ಎಂದ ತಂತಿ.

‘ಕಂಪ್ಯೂಟರು... ನಿಧಾನ ಆಗಿದೆ ಕಣೋ. ಪುಟ ತೆರೆಯಲ್ಲ’ ಎಂದರು. ಆಮೇಲೆ, ‘ಈ ಕೆಲಸವೂ ಹೋದ್ರೆ ಬೆಳಿಗ್ಗೆ ಎದ್ದು ನಾನು ಯಾತಕ್ಕೆ ಕನ್ನಡಕ ಹಾಕ್ಕೋಬೇಕು ಹೇಳು’ ಎಂದರು.

ನನಗೆ ಪಾಪ ಎನಿಸಿತು. ತಂತಿಗೆ ಕೇಳಿಸಿದ್ದು ‘ಕಂಪ್ಯೂಟರು ನಿಧಾನ’ ಎಂಬುದಷ್ಟೇ.

‘ನಾನು ಬರೋಕಾಗಲ್ಲ ಅಂದ್ರೇನಂತೆ? ಇಲ್ಲೇ ಕೂತ್ಕೊಂಡು ನಿನ್ನ ಕಂಪ್ಯೂಟರ್ ಒಳಗೆ ಬರ್ತೀನಿ’ ಎಂದ.

‘ಬೇಡ ಬಿಡೋ. ಕಾಲು ಸರಿಹೋಗಲಿ.’

‘ಸುಮ್ನಿರೋ! ಎರಡು ದಿನದ ಕೆಲಸ’ ಎಂದು ಫೋನಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಈ ಕೆಲಸಕ್ಕೆಂದೇ ಸಿದ್ಧವಾಗಿ ಸಿಗುವ ಪ್ರೋಗ್ರಾಂ ಹಾಕಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದರಂತೆ. ನಮ್ಮ ಮೇಲಿನ ಬೀದಿಯ ಕಂಪ್ಯೂಟರ್ ಅಂಗಡಿಯವನೇ ಹೇಳಿದ. ತಂತಿಗೆ ಅದು ಅವಮಾನ. ರೆಡಿಮೇಡ್ ಅಂಗಿ ಕೊಂಡವರನ್ನು ಕಂಡರೆ ನನಗೆ ಹೇಗಾಗುತ್ತದೋ ಹಾಗೆ. ಹಾಗಾಗಿ ಆ ವಿಷಯದಲ್ಲಿ ಮಾತ್ರ ನಾನು ಅವನನ್ನು ಬೈಯಲಿಲ್ಲ.

ನನ್ನ ಗುಂಡಿ ಡಬ್ಬಿ ಎಳೆದುಕೊಂಡು ನನಗೆ ಪಾಠ ಮಾಡಿದ. ಈ ನೀಲಿ ಗುಂಡಿ ಕಾಗುಣಿತನ ಕಂಪ್ಯೂಟರು. ಈ ದಾರದ ಉಂಡೆ ಅವನ ಮನೆಯ ರೌಟರು. ಹೊರಗಿನ ಪ್ರಪಂಚಕ್ಕೆ ಕಾಣುವುದು ದಾರದ ಉಂಡೆ ಮಾತ್ರ, ಹಿಂದಿರುವ ಗುಂಡಿ ಕಾಣುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟು: ರೌಟರ್ ಎಂದರೆ ಗೇಟಿನ ಕಾವಲುಗಾರ. ಒಳಗಿನವರು ಹೊರಗೆ ಏನಾದರೂ ಕೇಳಿ ಕಳಿಸಿದರೆ, ಅದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತಾನೆ. ಕರೆಯದೆ ಬಂದವರನ್ನು ಯಾರೇ ಆಗಲಿ ಗೇಟಿನಲ್ಲೇ ನಿಲ್ಲಿಸುತ್ತಾನೆ. ‘ತಂತಿ ಅಂತ ಒಬ್ಬ ಬರ್ತಾನೆ, ಬಂದ್ರೆ ಈ ರೂಮಿಗೆ ಕಳಿಸು’ ಎಂದು ಆ ಕಾವಲುಗಾರನಿಗೆ ಮೊದಲೇ ಹೇಳಿಡಬೇಕು. ರೌಟರ್ ಕಂಪನಿಯ ವೆಬ್‌ಸೈಟಿನ ಮೂಲಕ ಇಲ್ಲಿಂದಲೇ ಹೇಳಬಹುದು, ಅದಕ್ಕೆ ಒಂದು ಪಾಸ್‌ವರ್ಡ್ ಬೇಕು. ಅದು ರೌಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

‘ಓದೋ ಅದನ್ನ’ ಎಂದ ಫೋನಿನಲ್ಲಿ.

ಕಾಗುಣಿತರು ಓದಿದರು. ತಂತಿ ಬರೆದುಕೊಂಡ. ಹೇಳಿದಂತೆಯೇ ಹಾಕಿದರೆ ತಪ್ಪು ಎಂದು ಬಂತು. ಮತ್ತೆ ಓದಿಸಿದ. ಈ ಸಲ ಬೇರೆಯೇ ಓದಿದರು. ಮೂರನೇ ಸಲ ಮೂರನೆಯ ಥರ.

‘ಲೋ, ನಲವತ್ತು ವರ್ಷ ಪ್ರೂಫ್ ಓದಿದೋನಿಗೆ ಹತ್ತು ಅಕ್ಷರ ಓದೋಕೆ ಬರಲ್ವೇನೋ? ತಲೆ ಎಲ್ಲಿಟ್ಟಿದೀಯ?’ ಎಂದು ತಂತಿ ಗದರಿದ.

‘ಚೀಟಿ ಅಳಿಸಿಹೋಗಿದೆ ಕಣೋ’ ಎಂದರು ಮೆಲ್ಲಗೆ.

ಮರುದಿನ ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸಮ್ಮ ಡ್ಯೂಟಿಗೆ ಹೊರಡುವ ಮುನ್ನ ಬಂದು ಅದೇ ಚೀಟಿಯನ್ನು ಗಡಗಡನೆ ಓದಿ ಹೋದರು. ಕಾವಲುಗಾರನಿಗೆ ಹೇಳಿದ್ದಾಯಿತು. ಆದರೂ ಒಳಗೆ ಹೋಗಲಾಗಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿದದ್ದು, ಇಂಟರ್ನೆಟ್ ಕೊಡುವವರು ಇಡೀ ಬೀದಿಗೇ ಇನ್ನೊಬ್ಬ ಕಾವಲುಗಾರನನ್ನು ನಿಲ್ಲಿಸಿದ್ದಾರೆ, ಅವನು ನಮ್ಮ ಮಾತು ಕೇಳುವವನಲ್ಲ ಎಂದು. ‘ಪಾರ್ಟು ಬರಬೇಕೇನೋ?’ ಎಂದು ನಾನು ಕೆಣಕಿದೆ. ತಂತಿ ಮುಖ ಊದಿಸಿಕೊಂಡ.

ಮಧ್ಯಾಹ್ನದ ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದೇ ಕೂಗಿದ. ‘ನಾವು ಹೋಗೋದಲ್ಲ ಅತ್ತಿಗೆ! ಅದೇ ನಮ್ಮನ್ನ ಕರೀಬೇಕು!’ ಕಾಗುಣಿತರ ಕಂಪ್ಯೂಟರೇ ಒಳಗಿನಿಂದ ನಮ್ಮ ಮನೆಗೆ ಕರೆ ಮಾಡಿದರೆ, ಹೊರಗೆ ಹೋಗುವುದನ್ನು ಯಾವ ಕಾವಲುಗಾರನೂ ತಡೆಯುವುದಿಲ್ಲ. ಆ ಕರೆಯ ದಾರಿಯನ್ನೇ ಹಿಡಿದು ನಾವು ಒಳಗೆ ಹೋಗಬಹುದು. ಮತ್ತೆ ನರ್ಸಮ್ಮನ ಅರ್ಧ ಗಂಟೆ ಖರ್ಚಾಯಿತು. ತಂತಿ ಫೋನಿನಲ್ಲಿ ಹೇಳಿದ್ದನ್ನೆಲ್ಲ ಆಕೆ ಅಲ್ಲಿ ಟೈಪು ಮಾಡಿದರು. ಕರೆ ಬಂದರೆ ನಮ್ಮ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹತ್ತಬೇಕು.

ಹತ್ತಿತು. ತಂತಿ ಕುಣಿಯಲಾರದ ಕಾಲಿನಲ್ಲೇ ಕುಣಿದ. ‘ಬಂತು ಕಣೋ, ಬಂತು! ಇನ್ನೊಂದು ಕ್ಷಣ, ನಿನ್ನ ಪರದೆ ಕಾಣುತ್ತೆ!’ ಎಂದು ಫೋನಿನಲ್ಲಿ ಅರಚಿದ. ಚುಕ್ಕೆ ಆರಿಹೋಯಿತು.

ಮರುದಿನ ಮತ್ತೆ ಬಂತು. ‘ಬಂತು ಕಣೋ!’ ಎಂದ. ಆರಿತು. ಅದರ ಮರುದಿನವೂ ಅದೇ ಕಥೆ. ತಂತಿ ತನ್ನ ಕಂಪ್ಯೂಟರನ್ನು ಬಿಚ್ಚಿದ, ವೈರು ಬದಲಾಯಿಸಿದ, ನಮ್ಮ ರೌಟರನ್ನು ಕಿಟಕಿಗೆ ಕಟ್ಟಿದ. ತಿಂಗಳ ಕೊನೆಗೆ ಹನ್ನೆರಡು ದಿನ ಉಳಿದಿತ್ತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

‘ನೋಡಪ್ಪಾ,’ ಎಂದೆ, ‘ನೀನು ಬಾಯಿ ಮುಚ್ಕೊಂಡಿದ್ದಾಗ ಆ ಚುಕ್ಕೆ ಇರುತ್ತೆ. ನೀನು ಬಂತು ಬಂತು ಅಂದ ತಕ್ಷಣ ಹೋಗುತ್ತೆ. ಅವರೇ ಅಲ್ಲಿ ವೈರು ಕೀಳ್ತಿದಾರೆ.’

‘ಅವನು ಯಾಕೆ ಕೀಳ್ತಾನೆ? ತಲೆ ಕೆಟ್ಟಿದೆಯಾ ಅವನಿಗೆ?’

‘ಕೆಟ್ಟಿರೋದು ಯಾರ ತಲೆ ಅಂತ ನಾಳೆ ನೋಡೋಣ. ಫೋನ್ ಮಾಡದೆ ಒಳಗೆ ಹೋಗು.’

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಸಿರು ಚುಕ್ಕೆ ಹತ್ತಿಯೇ ಇತ್ತು. ತಂತಿ ಫೋನು ಮುಟ್ಟಲಿಲ್ಲ. ನಾನು ಹೊಲಿಗೆ ನಿಲ್ಲಿಸಿ ಅವನ ಹಿಂದೆ ಹೋಗಿ ನಿಂತೆ. ಒಬ್ಬರ ಮನೆಗೆ ಬಾಗಿಲು ತಟ್ಟದೆ ಹೋದಂತೆ ಇಬ್ಬರಿಗೂ ಮುಜುಗರ. ಕಾಗುಣಿತರ ಪರದೆ ನಮ್ಮ ಪರದೆಯ ಮೇಲೆ ತೆರೆದುಕೊಂಡಿತು.

ಅಲ್ಲಿ ಒಂದೇ ಒಂದು ಅಕ್ಷರವಿತ್ತು. ‘ಜೇ’. ಈ ಅಂಚಿನಿಂದ ಆ ಅಂಚಿನವರೆಗೆ, ಇಡೀ ಪರದೆ ತುಂಬ, ಅದೊಂದೇ. ತಂತಿ ಏನೋ ಕೆಟ್ಟಿದೆ ಎಂದುಕೊಂಡು ಕೈ ಮುಂದೆ ಮಾಡಿದ. ಅಷ್ಟರಲ್ಲಿ ಆ ಅಕ್ಷರ ತಾನೇ ಮೆಲ್ಲಗೆ ಎಡಕ್ಕೆ ಸರಿಯಿತು. ‘ನು’ ಬಂತು. ನಿಂತಿತು. ಮತ್ತೆ ಹಿಂದಕ್ಕೆ ಸರಿದು ‘ಜೇ’. ದೀರ್ಘ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದಿರಬೇಕು. ಮತ್ತೆ ‘ನು’. ಒಂದು ಪದ ದಾಟಲು ಎರಡು ನಿಮಿಷ. ಆಮೇಲೆ ಕೈ ತಪ್ಪಿತೋ ಏನೋ, ಪುಟ ಸರ್ರೆಂದು ಕೆಳಗೆ ಜಾರಿ ಮೂಲೆಯ ಪುಟಸಂಖ್ಯೆ ಕಾಣಿಸಿತು. ನಲವತ್ತೊಂದು. ಕಳೆದುಕೊಂಡ ಜಾಗ ಹುಡುಕುತ್ತ ಅಕ್ಷರಗಳು ಅತ್ತಿತ್ತ ಅಲೆಯತೊಡಗಿದವು.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ.

‘ಕಣ್ಣು ಕಾಣ್ತಿಲ್ಲ ಕಣೋ ಅವರಿಗೆ’ ಎಂದೆ.

ತಂತಿ ಮುಂದೆ ಮಾಡಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ‘ಓದೋಕೆ ಬರಲ್ವೇನೋ ಅಂದ್ಬಿಟ್ನಲ್ಲ ಅತ್ತಿಗೆ ಅವತ್ತು’ ಎಂದ. ತಲೆ ತಗ್ಗಿಸಿ, ಜೇಬಿನ ತಂತಿ ತೆಗೆದು ಬೆರಳಿಗೆ ಸುತ್ತತೊಡಗಿದ. ಅವನು ಹಾಗೆ ಕೂತದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ಕಾಲು ಮುರಿದ ದಿನವೂ ನಗುತ್ತಲೇ ಆಟೋ ಹತ್ತಿದವನು.

ನನಗೆ ಸಂಕಟದ ಜೊತೆ ಸಿಟ್ಟೂ ಬಂತು. ಈ ವಯಸ್ಸಿನಲ್ಲಿ ಗೆಳೆಯನ ಹತ್ತಿರವೂ ಬಚ್ಚಿಡುವಂಥ ಹಟವೇನು? ‘ಫೋನ್ ಕೊಡಿಲ್ಲಿ. ನೇರ ಕಣ್ಣಾಸ್ಪತ್ರೆಗೆ ಹೊರಡಿ ಅಂತ ನಾನೇ ಹೇಳ್ತೀನಿ’ ಎಂದು ಕೈ ಚಾಚಿದೆ. ತಂತಿ ಫೋನನ್ನು ಎದೆಗೆ ಒತ್ತಿಕೊಂಡ.

‘ಬೇಡ ಅತ್ತಿಗೆ. ಯಾರಿಗೂ ಗೊತ್ತಾಗಬಾರದು ಅಂತಾನೇ ವೈರು ಕಿತ್ತಿದಾನೆ. ನಾವು ನೋಡಿದ್ವಿ ಅಂತ ಗೊತ್ತಾದ್ರೆ ಅವನು ಇನ್ಯಾವತ್ತೂ ನನ್ನ ಮುಂದೆ ಕನ್ನಡಕ ಹಾಕ್ಕೊಂಡು ಕೂರಲ್ಲ.’

ಫೋನು ಅವನ ಕೈಯಲ್ಲೇ ರಿಂಗಾಯಿತು. ಅವರೇ.

‘ಏನೋ, ಇವತ್ತು ಫೋನೇ ಮಾಡ್ಲಿಲ್ಲ?’ ದನಿ ಸಣ್ಣಗಿತ್ತು. ‘ಒಳಗೆ... ಬಂದ್ಯಾ?’

ತಂತಿ ಪರದೆ ನೋಡಿದ. ಹಸಿರು ಚುಕ್ಕೆ ಹಾಗೇ ಇತ್ತು. ಇಬ್ಬಿಬ್ಬರು ಕಾವಲುಗಾರರನ್ನು ದಾಟಿ ಹೋಗಿದ್ದ. ಈ ಬಡಾಯಿ ಒಂದೇ ಅವನಿಗೆ ಹತ್ತು ವರ್ಷಕ್ಕೆ ಸಾಕಾಗುತ್ತಿತ್ತು. ಮೌಸ್ ಹಿಡಿದು, ಕಾಗುಣಿತರ ಪರದೆ ತೆರೆದುಕೊಂಡಿದ್ದನ್ನು ಮುಚ್ಚಿದ. ಚುಕ್ಕೆ ಆರಿತು.

‘ಇಲ್ಲ ಕಣೋ,’ ಎಂದ. ‘ನನ್ನ ಕೈಲಿ ಆಗಲ್ಲ.’

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಕಾಗುಣಿತರು, ‘ಏನಂದೆ? ಇನ್ನೊಂದ್ಸಲ ಹೇಳು’ ಎಂದರು.

‘ಆಗಲ್ಲ ಅಂದೆ. ನಿನ್ನ ರೌಟರಿನ ಮುಂದೆ ಸೋತೆ. ಎಷ್ಟು ಸಲ ಹೇಳಿಸ್ತೀಯ?’

ಕಾಗುಣಿತರು ನಕ್ಕರು ನೋಡಿ. ತಿಂಗಳಿಂದ ಆ ಮನುಷ್ಯ ನಕ್ಕಿರಲಿಕ್ಕಿಲ್ಲ. ನಗು ನಿಂತ ಮೇಲೆ ತಂತಿ, ತನಗೆ ಈಗಷ್ಟೇ ಹೊಳೆದಂತೆ ಹೇಳಿದ: ‘ಲೋ, ನಿನ್ನ ಮಿಷಿನ್ನು ಹೆಂಗೂ ನಿಧಾನ. ಆ ಪುಟಗಳನ್ನ ನನಗೆ ಕಳಿಸು. ನಾನಿಲ್ಲಿ ಕಾಲು ಚಾಚ್ಕೊಂಡು ಕೂತು ಕೂತು ಹುಚ್ಚು ಹಿಡೀತಿದೆ. ನಾನು ಗಟ್ಟಿಯಾಗಿ ಓದ್ತೀನಿ, ನೀನು ಕೇಳಿ ತಪ್ಪು ಹೇಳು, ನಾನು ತಿದ್ತೀನಿ. ನೀವು ಹಳೆ ಪ್ರೆಸ್ಸಿನಲ್ಲಿ ಹಂಗೇ ಮಾಡ್ತಿದ್ರಂತಲ್ಲ, ಒಬ್ಬ ಓದೋನು, ಒಬ್ಬ ತಿದ್ದೋನು?’

‘ನೀನಾ? ನಿನಗೆ ಹ್ರಸ್ವ ದೀರ್ಘದ ವ್ಯತ್ಯಾಸ ಗೊತ್ತೇನೋ?’

‘ಅದಕ್ಕೇ ನೀನಿರೋದು.’

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ‘ಸರಿ. ಆದರೆ ಒಂದು ಅಲ್ಪವಿರಾಮವನ್ನೂ ನುಂಗಬಾರದು’ ಎಂದರು.

ಆಮೇಲಿನ ಹನ್ನೊಂದು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಮತ್ತೆ ಮೂರರಿಂದ ಐದರವರೆಗೆ ತಂತಿ ಓದಿದ. ‘ರಾಣಿಜೇನು ಅಲ್ಪವಿರಾಮ ಗೂಡಿನಿಂದ ಹೊರಟ ಮೇಲೆ ಅಲ್ಪವಿರಾಮ ಕೆಲಸಗಾರ ಜೇನುಗಳು...’ ‘ನಿಲ್ಲು. ಕೆಲಸಗಾರ ಮತ್ತು ಜೇನು, ಬಿಡಿಸಿದಾರಾ ಸೇರಿಸಿದಾರಾ?’ ‘ಬಿಡಿಸಿದಾರೆ.’ ‘ಹಿಂದಿನ ಪುಟದಲ್ಲಿ ಸೇರಿಸಿದ್ರು. ಎರಡೂ ಒಂದೇ ಥರ ಮಾಡು. ಮುಂದೆ.’ ಅಷ್ಟು ನೆನಪು ಆ ಮನುಷ್ಯನಿಗೆ! ಕಣ್ಣಿಲ್ಲದಿದ್ದರೂ ಕಿವಿಯಲ್ಲೇ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಒತ್ತಕ್ಷರ ಸಿಕ್ಕಿದಲ್ಲೆಲ್ಲ ತಂತಿ ತಡವರಿಸುವುದು, ಅವರು ಬೈಯುವುದು, ಇವನು ತಿರುಗಿ ಬೈಯುವುದು. ನನ್ನ ಯಜಮಾನರು ಪತ್ರಿಕೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರತೊಡಗಿದರು. ನಾನು ಒಬ್ಬರ ರವಿಕೆಗೆ ಎರಡೂ ಎಡತೋಳು ಹೊಲಿದಿಟ್ಟೆ. ಗಂಡುಜೇನಿಗೆ ಕೊಂಡಿ ಇರುವುದಿಲ್ಲ ಎಂದು ಈಗ ನನಗೆ ಗೊತ್ತು. ಪೂರ್ಣವಿರಾಮ.

ತಿಂಗಳು ಮುಗಿಯಲು ಒಂದು ದಿನ ಉಳಿದಿರುವಾಗಲೇ ಮುನ್ನೂರ ಹನ್ನೆರಡು ಪುಟವೂ ಮುದ್ರಣಾಲಯ ಸೇರಿತು. ಮ್ಯಾನೇಜರು ಮರುಮಾತಾಡದೆ ಮುಂದಿನ ಪುಸ್ತಕ ಕಳಿಸಿದ.

ಪ್ಲಾಸ್ಟರು ಬಿಚ್ಚಿದ ವಾರವೇ ತಂತಿ ಕೋಲೂರಿಕೊಂಡು ಇನ್ನೊಂದು ಸುಳ್ಳು ಹೇಳಿದ. ಅಷ್ಟು ಓದಿ ತನ್ನ ಕಣ್ಣಲ್ಲಿ ನೀರು ಬರುತ್ತಿದೆ, ಕಣ್ಣಾಸ್ಪತ್ರೆಗೆ ಒಬ್ಬನೇ ಹೋಗಲು ಭಯ, ಜೊತೆಗೆ ಬಾ ಎಂದು ಕಾಗುಣಿತರನ್ನು ಎಳೆದುಕೊಂಡು ಹೋದ. ‘ಬಂದಿದೀಯಲ್ಲ, ನೀನೂ ತೋರಿಸ್ಬಿಡು’ ಎಂದ. ಎರಡೂ ಕಣ್ಣಿಗೆ ಪೊರೆ ಗಟ್ಟಿಯಾಗಿ ಕೂತಿತ್ತು. ಬಲಗಣ್ಣು ಶಸ್ತ್ರಚಿಕಿತ್ಸೆಯಿಂದ ಸರಿಹೋಯಿತು. ಎಡಗಣ್ಣಿನ ನರವೇ ಸೊರಗಿದೆ, ಅದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಪಟ್ಟಿ ಬಿಚ್ಚಿದ ಕೂಡಲೇ ಕಾಗುಣಿತರು ಎದುರು ಗೋಡೆಯ ಫಲಕ ಓದಿ, ‘ಶುಶ್ರೂಷೆಯನ್ನು ತಪ್ಪು ಬರೆದಿದ್ದೀರಿ’ ಎಂದರಂತೆ.

ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿ ಹಿಡಿದು ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತ ನನ್ನ ಯಜಮಾನರಿಗೆ, ‘ಎಲ್ಲಾ ಬರುತ್ತೆ ಅಂತಾನೆ ನಿಮ್ಮ ತಮ್ಮ. ನನ್ನ ರೌಟರಿನ ಮುಂದೆ ಮಂಡಿಯೂರಿದ ನೋಡಿ’ ಎಂದು ರೇಗಿಸಿದರು. ತಂತಿ ನಗುತ್ತ ಕೂತಿದ್ದ, ಒಂದು ಮಾತೂ ಆಡಲಿಲ್ಲ. ನನಗೆ ನಾಲಿಗೆ ತುರಿಸಿತು. ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದೆ.

ಕಾಗುಣಿತರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

‘ಅತ್ತಿಗೆ, ಒಂದು ಮಾತು,’ ಎಂದರು ದನಿ ತಗ್ಗಿಸಿ. ‘ಮೂರು ಸಲ ವೈರು ಕಿತ್ತಿದ್ದು ನಾನೇ. ಆದರೆ ಅವನು ಸೋತೆ ಅಂದ ಆ ಬೆಳಿಗ್ಗೆ ನಾನು ಕಿತ್ತಿರಲಿಲ್ಲ. ರೌಟರು ಚಾಲೂನೇ ಇತ್ತು. ಮತ್ತೆ ಅವತ್ತು ಯಾಕೆ ಆಗಲಿಲ್ಲ ಅಂತೀರಿ?’

ಸರಿಹೋದ ಆ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಅದರ ತುಂಬ ನೀರಿತ್ತು. ನಾನು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ.

‘ಪಾರ್ಟು ಬರಬೇಕಿತ್ತಂತೆ’ ಎಂದೆ.